36ನೇ ಹಲ್ಲಿನ ಜಾಗ: ಇಂಪ್ಲಾಂಟ್ ಕೂರಿಸದೆ ಹೊಲಿದ ಒಂದು ಪ್ರಕರಣ ಮತ್ತು ಪಿಜಿ ವಿದ್ಯಾರ್ಥಿಗಳ ಮಾತು

ರೋಗಿ ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರ, ವಯಸ್ಸು 48. ಕೆಳದವಡೆಯ ಎಡಭಾಗದ ಮೊದಲ ದವಡೆಹಲ್ಲು, ಅಂದರೆ 36ನೇ ಹಲ್ಲು, ಹುಳುಕಾಗಿ ನಾಲ್ಕು ವರ್ಷದ ಹಿಂದೆ ಕೀಳಿಸಿದ್ದು. ಅಕ್ಕಪಕ್ಕದ 35 ಮತ್ತು 37 ಗಟ್ಟಿಯಾಗಿವೆ, ಅವನ್ನು ಅರೆದು ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ನಿಲ್ಲುವ ಕೃತಕ ಹಲ್ಲು) ಕೂರಿಸುವುದು ಬೇಡ ಎಂದು ಅವರೇ ಹೇಳಿದರು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.2, ರಕ್ತದೊತ್ತಡ ಸರಿ ಇದೆ. ತಂಬಾಕು ಬಿಟ್ಟು ಎರಡು ವರ್ಷವಾಗಿದೆ. ಕವಳ, ಅಂದರೆ ಎಲೆ-ಅಡಿಕೆ, ಬಿಟ್ಟಿಲ್ಲ, ದಿನಕ್ಕೆ ಐದಾರು ಬಾರಿ.

ಶಸ್ತ್ರಕ್ರಿಯೆ ಮಾಡಬೇಕಾದವರು ಒಸಡು ವಿಭಾಗದ ಎರಡನೇ ವರ್ಷದ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿನಿ. ರೋಗಿಯ ಬಾಯಲ್ಲಿ ಅವರು ಸ್ವಂತ ಕೈಯಿಂದ ಕೂರಿಸಬೇಕಿದ್ದ ಮೊದಲ ಇಂಪ್ಲಾಂಟ್ (ದವಡೆಮೂಳೆಗೆ ತಿರುಪಿನಂತೆ ಕೂರಿಸುವ ಕೃತಕ ಬೇರು) ಇದು. ಅದಕ್ಕೆ ಮೊದಲು ಎರಡು ದಿನದ ಕಾರ್ಯಾಗಾರದಲ್ಲಿ ಪ್ಲಾಸ್ಟಿಕ್ ದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿದ್ದರು, ಆರು ಶಸ್ತ್ರಕ್ರಿಯೆಗಳಲ್ಲಿ ಸಹಾಯಕ್ಕೆ ನಿಂತಿದ್ದರು. ರೋಗಿಯ ಗುರುತು, ಕಾಲೇಜಿನ ಹೆಸರು, ಊರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಹೊಸನಗರದಿಂದ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ಮುಂದೆ ಹೋಗಬೇಕಾದ ದೂರದಲ್ಲಿ ಕಾಲೇಜು ಇದೆ ಎಂಬುದಷ್ಟೇ ಸಾಕು. ಈ ದೂರ ಮುಂದೆ ಚಿಕಿತ್ಸೆಯ ರೀತಿಯನ್ನೇ ಬದಲಿಸಿತು.

ಕಾಗದದ ಮೇಲೆ ಎಲ್ಲವೂ ಸರಿಯಿತ್ತು

ಸಿಬಿಸಿಟಿಯಲ್ಲಿ (ದವಡೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ಮೂಳೆಯ ಅಗಲ 7.2 ಮಿ.ಮೀ. ಮೂಳೆಯ ಮೇಲಂಚಿನಿಂದ ಕೆಳದವಡೆಯ ನರ ಹಾಯುವ ಕಾಲುವೆಯವರೆಗೆ 14.5 ಮಿ.ಮೀ. 35 ಮತ್ತು 37ರ ನಡುವಿನ ಜಾಗ 11 ಮಿ.ಮೀ. ಹೊರಪದರ ಸುಮಾರು ಎರಡೂವರೆ ಮಿ.ಮೀ. ದಪ್ಪ, ಒಳಗಿನ ಮೂಳೆ ಮಧ್ಯಮ ಗಟ್ಟಿ. ನಾಲಿಗೆ ಬದಿಯ ತಗ್ಗು ಇದೆ, ಆದರೆ 10 ಮಿ.ಮೀ. ಉದ್ದಕ್ಕೆ ತೊಂದರೆ ಕೊಡುವಷ್ಟು ಮೇಲೆ ಇಲ್ಲ.

ಹಾಗಾಗಿ 4.2 ಮಿ.ಮೀ. ವ್ಯಾಸ, 10 ಮಿ.ಮೀ. ಉದ್ದದ ಇಂಪ್ಲಾಂಟ್ ಎಂದು ತೀರ್ಮಾನವಾಯಿತು. ಕೆನ್ನೆ ಬದಿ, ನಾಲಿಗೆ ಬದಿ ಎರಡರಲ್ಲೂ ಒಂದೂವರೆ ಮಿ.ಮೀ. ಮೂಳೆ ಉಳಿಯುತ್ತದೆ. ನರದ ಮೇಲೆ ಕನಿಷ್ಠ 2 ಮಿ.ಮೀ. ಬಿಡಬೇಕು ಎಂಬ ನಿಯಮಕ್ಕೆ ಇಲ್ಲಿ ನಾಲ್ಕೂವರೆ ಇದೆ. ಡ್ರಿಲ್ಲಿನ ಮೇಲಿನ ಗೆರೆ 10 ಎಂದು ತೋರಿಸಿದರೂ ಗೆರೆಯಾಚೆಯ ಚೂಪು ತುದಿ ಇನ್ನೂ ಅರ್ಧದಿಂದ ಒಂದು ಮಿ.ಮೀ. ಕೆಳಗೆ ಇಳಿಯುತ್ತದೆ. ಅದನ್ನು ಕಳೆದರೂ ಭಯವಿಲ್ಲ. ಕಲಿಯುವವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎಂದು ಯಾರಿಗಾದರೂ ಅನಿಸುತ್ತಿತ್ತು.

ಕೇಸ್ ಶೀಟಿನಲ್ಲಿ ಬಾಯಿ ತೆರೆಯುವ ಅಳತೆಗೆ ಒಂದು ಸಾಲು ಇತ್ತು. ಅಲ್ಲಿ ಸಂಖ್ಯೆ ಬರೆಯಲು ಜಾಗವಿರಲಿಲ್ಲ. 'ಸಾಕಷ್ಟಿದೆ' ಅಥವಾ 'ಇಲ್ಲ' ಎಂದು ಗುರುತು ಹಾಕಬೇಕಿತ್ತು. 'ಸಾಕಷ್ಟಿದೆ' ಎಂದು ಹಾಕಲಾಗಿತ್ತು. ಈ ಪ್ರಕರಣದ ಬೇರು ಇರುವುದು ಈ ಗುರುತಿನಲ್ಲಿ.

ಏಪ್ರಿಲ್ ಕೊನೆಯ ವಾರ

ಶಸ್ತ್ರಕ್ರಿಯೆಗೆ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ, ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಕೆ. ಶೇ. 2ರ ಲಿಗ್ನೊಕೇನ್, 1:80,000 ಅಡ್ರಿನಾಲಿನ್ ಜೊತೆ. 15ನೇ ನಂಬರ್ ಬ್ಲೇಡಿನಿಂದ ಮೂಳೆಯ ನೆತ್ತಿಯ ಮೇಲೆ ಗಾಯ ಮಾಡಿ ಒಸಡನ್ನು ಎರಡೂ ಬದಿಗೆ ಬಿಡಿಸಿದರು. ಚೂಪು ಡ್ರಿಲ್ಲಿನಿಂದ ಗುರುತು ಮಾಡಿ, ಮೊದಲ ದಾರಿ ಕೊರೆಯುವ 2 ಮಿ.ಮೀ.ನ ಪೈಲಟ್ ಡ್ರಿಲ್ಲನ್ನು ನಿಮಿಷಕ್ಕೆ 1,000 ಸುತ್ತಿನ ವೇಗದಲ್ಲಿ, ತಣ್ಣಗಿನ ಸಲೈನ್ ಹರಿಸುತ್ತ, ಮೇಲೆ ಕೆಳಗೆ ಎತ್ತಿಳಿಸುತ್ತ 10 ಮಿ.ಮೀ.ವರೆಗೆ ಇಳಿಸಿದರು. ಮೂಳೆ 47 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ನಿಮಿಷ ಇದ್ದರೆ ಹಾಳಾಗುತ್ತದೆ ಎಂಬುದು 1980ರ ದಶಕದ ಆರಂಭದಿಂದಲೇ ಗೊತ್ತಿರುವ ವಿಚಾರ. ಅದನ್ನು ಅವರು ಚೆನ್ನಾಗಿ ಕಲಿತಿದ್ದರು, ಎಲ್ಲಿಯೂ ಡ್ರಿಲ್ಲನ್ನು ಒತ್ತಿ ಹಿಡಿಯಲಿಲ್ಲ. ಕೈಕೆಲಸದಲ್ಲಿ ತಪ್ಪು ಹುಡುಕುವಂತಿಲ್ಲ.

ತಪ್ಪಿದ್ದು ಕೋನ. ಮೇಲಿನ 26ನೇ ಹಲ್ಲು, ಎದುರು ಜೋಡಿ ಇಲ್ಲದೆ ನಾಲ್ಕು ವರ್ಷದಲ್ಲಿ ಕೆಳಗೆ ಇಳಿದಿತ್ತು. ಡ್ರಿಲ್ ಸಿಕ್ಕಿಸುವ ಹ್ಯಾಂಡ್‌ಪೀಸಿನ ತಲೆ ಅದಕ್ಕೆ ಬಡಿಯುತ್ತಿತ್ತು. ಬಡಿದಾಗ ಕೈ ತಾನಾಗಿಯೇ ಜಾಗ ಇರುವ ಕಡೆಗೆ, ಅಂದರೆ ಬಾಯಿಯ ಮುಂಭಾಗಕ್ಕೆ ವಾಲುತ್ತದೆ. ತಲೆ ಮುಂದಕ್ಕೆ ವಾಲಿದರೆ ಡ್ರಿಲ್ಲಿನ ತುದಿ ಹಿಂದಕ್ಕೆ, 37ರ ಬೇರಿನ ಕಡೆಗೆ ಹೋಗುತ್ತದೆ. ಡ್ರಿಲ್ ಪೂರ್ತಿ ಮೂಳೆಯ ಹೊರಗಿರುವ ಮೊದಲ ಕ್ಷಣದಲ್ಲೇ ಹೆಚ್ಚು ಎತ್ತರ ಬೇಕಾಗುವುದು, ಕೋನ ನಿಗದಿಯಾಗುವುದೂ ಅದೇ ಕ್ಷಣದಲ್ಲಿ. ಒಳಗೆ ಇಳಿದಂತೆ ತಲೆಗೆ ಜಾಗ ಸಿಗುತ್ತದೆ, ಎಲ್ಲ ಸಲೀಸಾಯಿತು ಅನಿಸುತ್ತದೆ. ಅಷ್ಟರಲ್ಲಿ ದಾರಿ ಬಿದ್ದಾಗಿರುತ್ತದೆ.

ಪೈಲಟ್ ಡ್ರಿಲ್ ಆದ ಮೇಲೆ ರಂಧ್ರದ ಕೋನ ತೋರಿಸುವ ಪ್ಯಾರಲಲ್ ಪಿನ್ ಇಟ್ಟು ಒಂದು ಚಿಕ್ಕ ಎಕ್ಸ್‌ರೇ ತೆಗೆಯಬೇಕು. ಪಿನ್ ಇಟ್ಟರು. ಮುಂದಿನಿಂದ ನೋಡಿದರೆ ಕೆನ್ನೆ–ನಾಲಿಗೆ ದಿಕ್ಕಿನಲ್ಲಿ ನೆಟ್ಟಗೆ ಕಂಡಿತು. ಹಿಂದೆ ಮುಂದೆ ವಾಲಿದ್ದು ಆ ನೋಟದಲ್ಲಿ ಕಾಣುವುದಿಲ್ಲ. ಅದಕ್ಕೆ ಬದಿಯಿಂದ ನೋಡಬೇಕು, ಬದಿಯಲ್ಲಿ ಕೆನ್ನೆ ಇದೆ. ಎಕ್ಸ್‌ರೇ ಸೆನ್ಸರನ್ನು ನಾಲಿಗೆ ಬದಿಗೆ ತೂರಿಸುವಾಗ ರೋಗಿ ಬಾಯಿ ಮುಚ್ಚಿಕೊಂಡರು, ಎರಡು ಸಲ ಪ್ರಯತ್ನಿಸಿ ಬಿಟ್ಟರು. ಮೇಲ್ವಿಚಾರಕರು ಆಗ ಎರಡು ಕುರ್ಚಿಗಳನ್ನು ನೋಡುತ್ತಿದ್ದರು, ಇನ್ನೊಂದು ಕುರ್ಚಿಯ ಬಳಿ ಇದ್ದರು. 2.8 ಮಿ.ಮೀ. ಡ್ರಿಲ್ ಇಳಿಸಿಯಾದ ಮೇಲೆ ಅವರು ಬಂದು, ಪಿನ್ ನೋಡಿ, ಎಕ್ಸ್‌ರೇ ಆಗಲೇಬೇಕು ಎಂದರು. ರೋಗಿಗೆ ಐದು ನಿಮಿಷ ದವಡೆಗೆ ವಿಶ್ರಾಂತಿ ಕೊಟ್ಟು ತೆಗೆದಾಗ 18 ಡಿಗ್ರಿ ವಾಲಿದ್ದು ಕಂಡಿತು.

18 ಡಿಗ್ರಿ ಎಂದರೆ 10 ಮಿ.ಮೀ. ಆಳದಲ್ಲಿ ತುದಿ 3.2 ಮಿ.ಮೀ. ಸರಿದಿರುತ್ತದೆ. ಇಂಪ್ಲಾಂಟಿನ ನಡುರೇಖೆ 37ರಿಂದ 5.5 ಮಿ.ಮೀ. ದೂರ ಇರಬೇಕಾಗಿದ್ದದ್ದು ಕೆಳತುದಿಯಲ್ಲಿ 2.3ಕ್ಕೆ ಬಂದಿತ್ತು. 4.2 ವ್ಯಾಸದ ಅರ್ಧ 2.1 ಕಳೆದರೆ ಬೇರಿಗೂ ಇಂಪ್ಲಾಂಟಿಗೂ ನಡುವೆ ಹೆಚ್ಚೂಕಮ್ಮಿ ಏನೂ ಉಳಿಯುವುದಿಲ್ಲ. ಹಲ್ಲಿನ ಬೇರಿನಿಂದ ಕನಿಷ್ಠ ಒಂದೂವರೆ ಮಿ.ಮೀ. ಬೇಕು.

ಬದಿ ಕೊರೆಯುವ ಬರ್ ಬಳಸಿ ದಾರಿಯನ್ನು ಮುಂದಕ್ಕೆ ತಿರುಗಿಸಬಹುದಿತ್ತು. 2.8 ಮಿ.ಮೀ. ಹಂತದಲ್ಲಿ ಅದು ಅಸಾಧ್ಯವೇನಲ್ಲ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದರೂ 4.2ರ ಇಂಪ್ಲಾಂಟ್ ಹಿಡಿದುಕೊಳ್ಳುತ್ತದೆ. ಆದರೆ ತಿರುಗಿಸಲು ಹೋಗುವ ಹ್ಯಾಂಡ್‌ಪೀಸಿನ ತಲೆಯೂ ಅದೇ 26ನೇ ಹಲ್ಲಿಗೆ ಬಡಿಯುತ್ತದಲ್ಲ! ಕಾರಣ ಹಾಗೇ ಇರುವಾಗ ತಿದ್ದುಪಡಿ ನಡೆಯದು. ಮೇಲ್ವಿಚಾರಕರು ಇಂಪ್ಲಾಂಟ್ ಪೊಟ್ಟಣ ಒಡೆಯದೆ, ಜಾಗ ತೊಳೆದು, 4-0 ವಿಕ್ರಿಲ್ ದಾರದಲ್ಲಿ ಹೊಲಿಸಿದರು. ಇದು ಸರಿಯಾದ ತೀರ್ಮಾನ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ರೋಗಿಗೆ ಅಂದೇ, ಕುರ್ಚಿಯಲ್ಲೇ, ವಿದ್ಯಾರ್ಥಿನಿಯ ಎದುರೇ ವಿಷಯ ಹೇಳಿದರು: ದಾರಿ ವಾಲಿದೆ, ಹಾಕಿದರೆ ಪಕ್ಕದ ಹಲ್ಲಿಗೆ ಅಪಾಯ, ಮೂಳೆ ತುಂಬಿಕೊಂಡ ಮೇಲೆ ಮತ್ತೆ ನೋಡೋಣ, ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. "ಹಾಕಿ ಕಳಿಸಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ವಲ್ಲ ಮೇಡಂ" ಎಂದು ಅವರು ವಿದ್ಯಾರ್ಥಿನಿಗೆ ಹೇಳಿ ಹೊರಟರು.

ಅಳತೆ

ಹೊಲಿಗೆ ನೋಡಲು ಎಂಟನೇ ದಿನ ಬಂದಾಗ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರು. ಮುಂದಿನ ಹಲ್ಲುಗಳ ನಡುವೆ 34 ಮಿ.ಮೀ. ಮೂರು ಬೆರಳು ಒಂದರ ಮೇಲೊಂದು ಹಿಡಿಯುವಷ್ಟು ಬಾಯಿ ತೆರೆದರೆ ಸುಮಾರು 40, ಅದಕ್ಕೆ ಹೋಲಿಸಿದರೆ ಕಡಿಮೆ. ಇಂಪ್ಲಾಂಟ್ ಹಾಕುವವರಿಗೆ ಬೇಕಾದ ಅಳತೆ ಇದೂ ಅಲ್ಲ. 36ರ ಜಾಗದ ಒಸಡಿನ ನೆತ್ತಿಯಿಂದ 26ರ ತುದಿಯವರೆಗೆ ಅಳೆಯಬೇಕು. ಅದು 27 ಮಿ.ಮೀ. ಬಂತು. ಅಂದು ಬಳಸಿದ ಉದ್ದನೆಯ ಪೈಲಟ್ ಡ್ರಿಲ್ ಸಿಕ್ಕಿಸಿದ ಹ್ಯಾಂಡ್‌ಪೀಸಿನ ತಲೆಯ ಬೆನ್ನಿನಿಂದ ಡ್ರಿಲ್ ತುದಿಯವರೆಗೆ 33. ಆರು ಮಿ.ಮೀ. ಕೊರತೆ. ಯಾವ ನಿಪುಣರ ಕೈಯಾದರೂ ವಾಲಲೇಬೇಕಿತ್ತು. ಅದೇ ಕಿಟ್ಟಿನ ಇನ್ನೊಂದು ಸಾಲಿನಲ್ಲಿ ಗಿಡ್ಡ ಡ್ರಿಲ್ ಇತ್ತು, ಅದರೊಂದಿಗೆ 28.

ಕೆನ್ನೆಯ ಒಳಪದರ ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಖಾರ ತಿಂದರೆ ಉರಿ ಎಂದರು. ಬಾಯಿರೋಗ ವಿಭಾಗದವರು ನೋಡಿ ಸಬ್‌ಮ್ಯೂಕಸ್ ಫೈಬ್ರೋಸಿಸ್ಸಿನ ಮೊದಲ ಹಂತ ಎಂದರು. ಕೆನ್ನೆಯೊಳಗಿನ ಅಂಗಾಂಶ ನಾರುಗಟ್ಟಿ ಬಾಯಿ ನಿಧಾನವಾಗಿ ಕಿರಿದಾಗುವ ಈ ರೋಗಕ್ಕೆ ಮುಖ್ಯ ಕಾರಣ ಅಡಿಕೆ ಅಗಿಯುವುದೇ. ತಂಬಾಕು ಬಿಟ್ಟವರು ಅಪಾಯ ಮುಗಿಯಿತು ಎಂದುಕೊಳ್ಳುತ್ತಾರೆ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕುವ ಮನೆಯವರಿಗೆ ಇದನ್ನು ಹೇಳುವುದು ಸುಲಭದ ಕೆಲಸವಲ್ಲ. ಹೇಳುವ ರೀತಿಯನ್ನೂ ತರಬೇತಿಯಲ್ಲಿ ಯಾರೂ ಕಲಿಸಿರುವುದಿಲ್ಲ. ಬೆಳೆಯ ಮಾತೆತ್ತದೆ, ಅವರ ಕೆನ್ನೆಯ ಬಿಳಿ ಜಾಗವನ್ನು ಕನ್ನಡಿಯಲ್ಲಿ ತೋರಿಸಿ, ಕ್ಯಾಲಿಪರ್ ಅಳತೆ ಬರೆದ ಚೀಟಿ ಕೈಗೆ ಕೊಟ್ಟದ್ದು ಇಲ್ಲಿ ಕೆಲಸ ಮಾಡಿತು.

ವಿದ್ಯಾರ್ಥಿಗಳು ಹೇಳಿದ್ದು

ಪ್ರಕರಣವನ್ನು ವಿಭಾಗದ ಸಭೆಯಲ್ಲಿ ಮಂಡಿಸಿದಾಗ ಒಸಡು, ಕೃತಕದಂತ, ಬಾಯಿ ಶಸ್ತ್ರಚಿಕಿತ್ಸೆ ಈ ಮೂರೂ ವಿಭಾಗಗಳ ಪಿಜಿಗಳು ಇದ್ದರು. ನಮ್ಮ ದೇಶದಲ್ಲಿ ಇಂಪ್ಲಾಂಟಿಗೆಂದೇ ಪ್ರತ್ಯೇಕ ಎಂಡಿಎಸ್ ಶಾಖೆ ಇಲ್ಲ. ಮೂರು ವರ್ಷದ ಕೋರ್ಸಿನಲ್ಲಿ ಈ ಮೂರೂ ಶಾಖೆಯವರು ತಂತಮ್ಮ ತುಂಡನ್ನು ಕಲಿಯುತ್ತಾರೆ. ಮಾತು ಶುರುವಾದದ್ದೂ ಅಲ್ಲಿಂದಲೇ.

ಕೃತಕದಂತ ವಿಭಾಗದವರ ಅಳಲು: ತಮ್ಮ ಬಳಿಗೆ ಬರುವಷ್ಟರಲ್ಲಿ ಇಂಪ್ಲಾಂಟ್ ಮೂಳೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ವಾಲಿದ್ದರೆ ಕೋನದ ಅಬಟ್‌ಮೆಂಟ್ (ಇಂಪ್ಲಾಂಟಿಗೂ ಮೇಲಿನ ಹಲ್ಲಿಗೂ ನಡುವಿನ ಜೋಡಣೆ) ತರಿಸಿ ಸರಿದೂಗಿಸಬೇಕು. ಹಲ್ಲಿನ ಕಿರೀಟ ಎಲ್ಲಿ ಬರಬೇಕು ಎಂದು ಮೊದಲು ಮೇಣದಲ್ಲಿ ಮಾಡಿ, ಅದರಿಂದ ಕೆಳಗೆ ಇಂಪ್ಲಾಂಟಿನ ಜಾಗ ಹುಡುಕಬೇಕು. ಪಠ್ಯದಲ್ಲಿ ಹಾಗೇ ಇದೆ, ಆದರೆ ಶಸ್ತ್ರಕ್ರಿಯೆಯ ದಿನ ಅವರನ್ನು ಕರೆಯುವುದಿಲ್ಲ. ಒಸಡು ವಿಭಾಗದವರದು ಇದರ ಇನ್ನೊಂದು ಮಗ್ಗುಲು. ತಾವು ಹಾಕಿದ ಇಂಪ್ಲಾಂಟಿನ ಮೇಲೆ ಹಲ್ಲು ಹೇಗೆ ಬಂತು, ರೋಗಿ ಅದರಲ್ಲಿ ಅಗಿಯುತ್ತಾರೋ ಇಲ್ಲವೋ ನೋಡಿಲ್ಲ. ಮೂಳೆ ಕೂಡಲು ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ನಾಲ್ಕರಿಂದ ಆರು. ಅಷ್ಟರಲ್ಲಿ ಪೋಸ್ಟಿಂಗ್ ಬದಲಾಗಿರುತ್ತದೆ, ಕೊನೆಯ ವರ್ಷದವರಾದರೆ ಕಾಲೇಜೇ ಬಿಟ್ಟಿರುತ್ತಾರೆ.

ಮಾದರಿ ದವಡೆಯ ಬಗ್ಗೆ ಎಲ್ಲರದೂ ಒಂದೇ ದನಿ. ಮೇಜಿಗೆ ಬಿಗಿದ ಪ್ಲಾಸ್ಟಿಕ್ ದವಡೆಗೆ ಕೆನ್ನೆ ಇಲ್ಲ, ನಾಲಿಗೆ ಇಲ್ಲ, ಎಂಜಲಿಲ್ಲ, ಮೇಲಿನ ದವಡೆಯೂ ಇಲ್ಲ. ಹ್ಯಾಂಡ್‌ಪೀಸ್ ಯಾವ ಕಡೆಯಿಂದ ಬೇಕಾದರೂ ಬರಬಹುದು. ಅಲ್ಲಿ ನಾಲ್ಕು ಇಂಪ್ಲಾಂಟ್ ನೆಟ್ಟಗೆ ಹಾಕಿದ ಕೈ ಬಾಯೊಳಗೆ ಹೋದಾಗ ಮೊದಲ ಬಾರಿಗೆ ಎದುರಾಗುವುದು ಜಾಗದ ಕೊರತೆ. ಒಬ್ಬರು ಕುರಿಯ ದವಡೆ ತರಿಸೋಣ ಎಂದರು: ಗಟ್ಟಿ ಹೊರಪದರ ದಾಟಿ ಡ್ರಿಲ್ ಒಳಗಿನ ಮೃದು ಮೂಳೆಗೆ ಇಳಿಯುವಾಗ ಕೈಗೆ ಸಿಗುವ ಅನುಭವ ಪ್ಲಾಸ್ಟಿಕ್ಕಿನಲ್ಲಿಲ್ಲ, ಮಾಂಸದಂಗಡಿಯಲ್ಲಿ ಅದು ದುಬಾರಿಯೂ ಅಲ್ಲ. ಸರಿಯೇ. ಆದರೆ ಈ ಪ್ರಕರಣದ ತೊಂದರೆಯನ್ನು ಕುರಿಯ ದವಡೆಯೂ ಕಲಿಸುತ್ತಿರಲಿಲ್ಲ. ಅದಕ್ಕಿಂತ ಉಪಯೋಗದ ಸಲಹೆ ಕೊಟ್ಟವರು ಮೊದಲ ವರ್ಷದ ಒಬ್ಬ ಹುಡುಗ. ಫಿಲ್ಲಿಂಗ್ ಅಭ್ಯಾಸಕ್ಕೆ ಇರುವ ರಬ್ಬರ್ ಕೆನ್ನೆಯ ಫ್ಯಾಂಟಮ್ ತಲೆ ಹೇಗೂ ಇದೆ. ದವಡೆಯನ್ನು ಅದರೊಳಗೆ ಕೂರಿಸಿ, ಬಾಯಿ 35 ಮಿ.ಮೀ.ಗಿಂತ ಹೆಚ್ಚು ತೆರೆಯದಂತೆ ತಿರುಪು ಬಿಗಿದು, ಒಂದು ಮೇಲ್ಹಲ್ಲನ್ನು 2 ಮಿ.ಮೀ. ಕೆಳಗಿಳಿಸಿ ಡ್ರಿಲ್ ಮಾಡಿಸಬೇಕು.

ಕಂಪ್ಯೂಟರಿನಲ್ಲಿ ಯೋಜಿಸಿ ಮುದ್ರಿಸುವ ಸರ್ಜಿಕಲ್ ಗೈಡ್ ಇದ್ದಿದ್ದರೆ ಕೋನ ತಪ್ಪುತ್ತಿರಲಿಲ್ಲ ಎಂದು ಒಬ್ಬರು ವಾದಿಸಿದರು. ಇಲ್ಲಿ ಅದು ತಿರುಗುಬಾಣವಾಗುತ್ತಿತ್ತು. ಗೈಡಿನ ಬಳೆಯ ಎತ್ತರವನ್ನೂ ದಾಟಿ ಹೋಗಬೇಕಾದ್ದರಿಂದ ಅದರ ಡ್ರಿಲ್ಲುಗಳು ಇನ್ನೂ ಉದ್ದ. 27 ಮಿ.ಮೀ. ಜಾಗದಲ್ಲಿ ಅವು ತೂರುವುದೇ ಇಲ್ಲ.

ಭಿನ್ನಾಭಿಪ್ರಾಯ ಬಂದದ್ದು ಇಂಪ್ಲಾಂಟ್ ಹಾಕದೆ ಹೊಲಿದ ತೀರ್ಮಾನದ ಬಗ್ಗೆ. ಬಾಯಿ ಶಸ್ತ್ರಚಿಕಿತ್ಸೆಯ ಒಬ್ಬರು, ಮೇಲ್ವಿಚಾರಕರೇ ಹ್ಯಾಂಡ್‌ಪೀಸ್ ತೆಗೆದುಕೊಂಡು ಗಿಡ್ಡ ಡ್ರಿಲ್ಲಿನಲ್ಲಿ ತಿದ್ದಿ ಮುಗಿಸಬಹುದಿತ್ತು, ರೋಗಿಗೆ ಎರಡನೇ ಗಾಯ ತಪ್ಪುತ್ತಿತ್ತು ಎಂದರು. ಗಿಡ್ಡ ಡ್ರಿಲ್ಲಿಗೂ ಒಂದು ಮಿ.ಮೀ. ಕೊರತೆ ಇತ್ತೆಂದು ಅಳತೆ ತೋರಿಸಿದ ಮೇಲೆ ಆ ವಾದ ನಿಂತಿತು. ಆದರೂ ಅವರ ಮಾತಿನಲ್ಲಿ ಹುರುಳಿದೆ: ಅಂದು ಯಾರೂ ಅಳೆದಿರಲಿಲ್ಲ, ಒಳ್ಳೆಯ ತೀರ್ಮಾನ ಅಂದಾಜಿನ ಮೇಲೆ ಬಂದದ್ದು.

ಶಸ್ತ್ರಕ್ರಿಯೆ ಮಾಡಿದ ವಿದ್ಯಾರ್ಥಿನಿ ಕೊನೆಗೆ ಮಾತಾಡಿದರು. ಲಾಗ್‌ಬುಕ್ಕಿನಲ್ಲಿ ಈ ಕೇಸನ್ನು ಎಲ್ಲಿ ಬರೆಯಲಿ ಎಂದು ಕೇಳಿದರು. ಇಂಪ್ಲಾಂಟಿನ ವ್ಯಾಸ, ಉದ್ದ, ಬ್ಯಾಚ್ ನಂಬರಿನ ಸ್ಟಿಕರ್, ಟಾರ್ಕ್ (ತಿರುಗಿಸುವಾಗ ಸಿಗುವ ಬಿಗಿ) ಇವಕ್ಕೆಲ್ಲ ಅಂಕಣ ಇದೆ. ಅಂಟಿಸಲು ಸ್ಟಿಕರ್ ಇಲ್ಲದ ಕೇಸಿಗೆ ಜಾಗವಿಲ್ಲ. ಎಕ್ಸ್‌ರೇ ಸಿಗದಿದ್ದಾಗ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯದೆ 2.8ಕ್ಕೆ ಹೋದದ್ದಕ್ಕೂ ಅವರು ಇದನ್ನೇ ಕಾರಣ ಕೊಟ್ಟರು: ನಿಲ್ಲಿಸಿದರೆ ಕೇಸು ಕೈತಪ್ಪುತ್ತದೆ, ಮುಂದಿನ ಕೇಸು ಯಾವಾಗಲೋ ಗೊತ್ತಿಲ್ಲ. ಕೂರಿಸಿದ ಇಂಪ್ಲಾಂಟುಗಳನ್ನು ಮಾತ್ರ ಎಣಿಸುವ ಪುಸ್ತಕ ಕಲಿಯುವವರನ್ನು ಹೇಗಾದರೂ ಕೂರಿಸುವ ಕಡೆಗೆ ತಳ್ಳುತ್ತದೆ. ಆ ದಿನದ ಅತ್ಯುತ್ತಮ ಕೆಲಸವೆಂದರೆ ಪೊಟ್ಟಣ ಒಡೆಯದೆ ಬಿಟ್ಟದ್ದು, ಅದಕ್ಕೇ ಸೊನ್ನೆ. ಇದು ಬದಲಾಗಲೇಬೇಕು. 'ಕೈಬಿಟ್ಟ ಕೇಸು, ಕಾರಣ, ಮುಂದಿನ ಯೋಜನೆ' ಎಂದು ಒಂದು ಅಂಕಣ ಸೇರಿಸಿ, ಅದಕ್ಕೂ ಪೂರ್ತಿ ಅಂಕ ಕೊಡಲು ಯಾವ ಖರ್ಚೂ ಇಲ್ಲ. ಅದರ ಜೊತೆ, ಪ್ರತಿ ವಿದ್ಯಾರ್ಥಿಯೂ ಒಬ್ಬ ರೋಗಿಯನ್ನಾದರೂ ಮೊದಲ ಅಳತೆಯಿಂದ ಕಿರೀಟ ಅಗಿಯುವವರೆಗೆ, ವಿಭಾಗದ ಗೋಡೆ ದಾಟಿ, ತಾನೇ ಹಿಂಬಾಲಿಸಬೇಕು. ಹತ್ತು ತುಂಡು ಕೇಸಿಗಿಂತ ಅಂಥ ಒಂದು ಕೇಸು ಹೆಚ್ಚು ಕಲಿಸುತ್ತದೆ.

ಮಳೆ ಮತ್ತು ಕೊಯ್ಲಿನ ನಡುವೆ

ರೋಗಿಗೆ ಮನೆಯಲ್ಲಿ ಮಾಡಲು ಒಂದು ವ್ಯಾಯಾಮ ಕೊಟ್ಟರು. ನಾಲಿಗೆ ಒತ್ತುವ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಹಿಡಿಯುವುದು, ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ. ಕಡ್ಡಿಯ ದಪ್ಪ ಸುಮಾರು ಒಂದೂವರೆ ಮಿ.ಮೀ. ನೋವಿಲ್ಲದೆ ಹಿಡಿದುಕೊಂಡ ಮೇಲೆ ಇನ್ನೊಂದು ಸೇರಿಸಬೇಕು, ಬಲವಂತವಾಗಿ ತುರುಕಿದರೆ ಕೆನ್ನೆ ಹರಿದು ಗಾಯ ಮಾಯುವಾಗ ಇನ್ನಷ್ಟು ಬಿಗಿಯುತ್ತದೆ. ಕವಳ ಪೂರ್ತಿ ನಿಲ್ಲಿಸಿದರು. ನಾರುಗಟ್ಟಿದ್ದು ಮೊದಲಿನಂತಾಗುವುದಿಲ್ಲ, ಆದರೆ ಮೊದಲ ಹಂತದಲ್ಲಿ ಕೆಲವು ಮಿ.ಮೀ. ವಾಪಸು ಪಡೆಯಬಹುದು.

ಮೂಳೆ ತುಂಬಲು ನಾಲ್ಕು ತಿಂಗಳು ಎಂದರೆ ಆಗಸ್ಟ್ ಕೊನೆ. ಜೂನ್‌ನಿಂದ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ, ಮಳೆ ಬಿಡುವು ಕೊಟ್ಟ ದಿನ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಅಂದು ಆಸ್ಪತ್ರೆಗೆ ಬರುವವರಿಲ್ಲ. ಹಾಗಾಗಿ ಸೆಪ್ಟೆಂಬರ್ ಮಧ್ಯಕ್ಕೆ ದಿನ ಹಾಕಿದರು. ಮುಂದೆ ಲೆಕ್ಕ ಹಾಕಿದರೆ ಒಸಡು ಬಿಡಿಸಿ ಇಂಪ್ಲಾಂಟ್ ನೋಡುವ ಎರಡನೇ ಹಂತ ಡಿಸೆಂಬರ್‌ಗೆ ಬೀಳುತ್ತದೆ. "ಕೊಯ್ಲಿನ ಹೊತ್ತಲ್ಲಿ ಬರಕ್ಕಾಗಲ್ಲ ಮೇಡಂ, ಕೊನೆ (ಅಡಿಕೆ ಗೊನೆ) ಇಳಿಸೋರು ಸಿಕ್ಕ ದಿನ ಮನೇಲಿ ಇರ್ಲೇಬೇಕು" ಎಂದು ಅವರು ಮೊದಲೇ ಹೇಳಿದ್ದರು. ಆದ್ದರಿಂದ ಹಿಡಿತ ಸಾಕಷ್ಟು ಸಿಕ್ಕರೆ ಕವರ್ ಸ್ಕ್ರೂ ಹಾಕಿ ಒಸಡಿನೊಳಗೆ ಮುಚ್ಚದೆ, ಒಸಡಿನಿಂದ ಹೊರಗೆ ನಿಲ್ಲುವ ಹೀಲಿಂಗ್ ಅಬಟ್‌ಮೆಂಟನ್ನು ಅಂದೇ ಹಾಕಿ ಒಂದು ಶಸ್ತ್ರಕ್ರಿಯೆ, ಒಂದು ಪ್ರಯಾಣ ಉಳಿಸುವುದು ಎಂದು ಯೋಜನೆಯಲ್ಲೇ ಬರೆದರು. ದೂರದ ರೋಗಿಗಳ ವಿಷಯದಲ್ಲಿ ಹೀಗೆ ಕ್ಯಾಲೆಂಡರ್ ಇಟ್ಟುಕೊಂಡು ಯೋಜಿಸುವುದು ಸಿಬಿಸಿಟಿ ಓದುವಷ್ಟೇ ಮುಖ್ಯ.

ಸೆಪ್ಟೆಂಬರ್‌ನಲ್ಲಿ ಮುಂದಿನ ಹಲ್ಲುಗಳ ನಡುವೆ 39 ಮಿ.ಮೀ. 26ರ ಇಳಿದ ತುದಿಗಳನ್ನು ಒಂದು ಮಿ.ಮೀ. ತೇಯ್ದ ಮೇಲೆ 36ರ ಜಾಗದಲ್ಲಿ 31. ಗಿಡ್ಡ ಡ್ರಿಲ್ಲಿಗೆ 28 ಸಾಕು. ಹೊಸ ಸಿಬಿಸಿಟಿಯಲ್ಲಿ ಹಳೆಯ ದಾರಿ ತುಂಬಿಕೊಂಡಿತ್ತು. ಬಲಗಡೆ ರಬ್ಬರ್ ಬೈಟ್ ಬ್ಲಾಕ್ ಇಟ್ಟು, ಐದೈದು ನಿಮಿಷಕ್ಕೊಮ್ಮೆ ತೆಗೆದು ದವಡೆಗೆ ವಿಶ್ರಾಂತಿ ಕೊಟ್ಟರು. ಬಳಲಿದಂತೆ ಬಾಯಿ ಮುಚ್ಚಿಕೊಳ್ಳುತ್ತ ಬರುತ್ತದೆ, ಮೊದಲ ನಿಮಿಷದ ಅಳತೆ ಇಪ್ಪತ್ತನೇ ನಿಮಿಷಕ್ಕೆ ಇರುವುದಿಲ್ಲ. ಕೃತಕದಂತ ವಿಭಾಗದ ವಿದ್ಯಾರ್ಥಿನಿ ಪಕ್ಕದಲ್ಲಿದ್ದರು. ಪೈಲಟ್ ಡ್ರಿಲ್ಲನ್ನು ಪೂರ್ತಿ ಇಳಿಸದೆ 6 ಮಿ.ಮೀ.ಗೆ ನಿಲ್ಲಿಸಿ ಪಿನ್ ಇಟ್ಟು ಎಕ್ಸ್‌ರೇ ತೆಗೆದರು, ಆ ಆಳದಲ್ಲಿ ತಿದ್ದುವುದು ಸುಲಭ. ನಾಲ್ಕು ಡಿಗ್ರಿ ಬಂತು, ಮುಂದುವರಿದರು. 2.8, 3.2, 3.65. ಇಂಪ್ಲಾಂಟನ್ನು ನಿಮಿಷಕ್ಕೆ 25 ಸುತ್ತಿನಲ್ಲಿ ಇಳಿಸುವಾಗ 8 ಮಿ.ಮೀ. ಬಳಿ ಟಾರ್ಕ್ 50 ನ್ಯೂಟನ್ ಸೆಂಟಿಮೀಟರ್ ದಾಟಿ ಯಂತ್ರ ನಿಂತಿತು. ದಪ್ಪ ಹೊರಪದರ ಬಿಗಿ ಹಿಡಿದಿತ್ತು. ಈ ಸಲ ವಿದ್ಯಾರ್ಥಿನಿ ತಾವಾಗಿಯೇ ನಿಲ್ಲಿಸಿ ಕರೆದರು. ಇಂಪ್ಲಾಂಟನ್ನು ಹಿಂದಕ್ಕೆ ತಿರುಗಿಸಿ ತೆಗೆದು, ಮೇಲಿನ ಮೂರು ಮಿ.ಮೀ.ಯನ್ನು ಮಾತ್ರ ಕಾರ್ಟಿಕಲ್ ಡ್ರಿಲ್ಲಿನಿಂದ ಅಗಲಿಸಿ ಮತ್ತೆ ಇಳಿಸಿದಾಗ 40ಕ್ಕೆ ಕೂತಿತು. ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ರಾಚೆಟ್ಟಿನಿಂದ ತಿರುಗಿಸಿ ಮುಗಿಸುವವರಿದ್ದಾರೆ, ಹಾಗೆ ಹಿಂಡಿದ ಮೂಳೆ ಮುಂದೆ ಕರಗಬಹುದು. ಹೀಲಿಂಗ್ ಅಬಟ್‌ಮೆಂಟ್ ಹಾಕಿ ಸುತ್ತ ಹೊಲಿದರು.

ಹೊಲಿಗೆ ಬಿಚ್ಚಿಸಲು ಅಷ್ಟು ದೂರ ಕರೆಸದೆ ಶಿವಮೊಗ್ಗದ ಪರಿಚಯದ ದಂತವೈದ್ಯರಲ್ಲಿಗೆ ಕಳಿಸಿ, ಚಿತ್ರ ಮೊಬೈಲಿಗೆ ತರಿಸಿಕೊಂಡರು. ಜನವರಿ ಕೊನೆಯಲ್ಲಿ, ಅಡಿಕೆ ಸುಲಿದು ಬೇಯಿಸಿ ಒಣಹಾಕುವ ಕೆಲಸ ಮುಗಿದ ಮೇಲೆ, ಅಳತೆ ತೆಗೆದು, ಫೆಬ್ರುವರಿಯಲ್ಲಿ ಸ್ಕ್ರೂ ಬಿಗಿಯುವ ಬಗೆಯ ಕಿರೀಟವನ್ನು 30 ನ್ಯೂಟನ್ ಸೆಂಟಿಮೀಟರ್ ಟಾರ್ಕಿನಲ್ಲಿ ಕೂರಿಸಿದರು. ಅಂದು ಒಸಡು ವಿಭಾಗದ ವಿದ್ಯಾರ್ಥಿನಿ, ಈಗ ಮೂರನೇ ವರ್ಷ, ಕುರ್ಚಿಯ ಪಕ್ಕ ನಿಂತು ಕಚ್ಚುವ ಕಾಗದ ಹಿಡಿದಿದ್ದರು. ಮುಂದಿನ ತಪಾಸಣೆಗೆ ಮೇ ತಿಂಗಳ ದಿನ ಬರೆದುಕೊಟ್ಟಿದ್ದಾರೆ, ಮಳೆ ಹಿಡಿಯುವ ಮೊದಲು. ಆ ದಿನ ಎಕ್ಸ್‌ರೇ ಜೊತೆಗೆ ಬಾಯಿ ತೆರೆಯುವ ಅಳತೆಯನ್ನೂ ಮಿ.ಮೀ.ನಲ್ಲಿ ಬರೆಯಬೇಕು. ಕೇಸ್ ಶೀಟಿನಲ್ಲಿ ಈಗ ಅದಕ್ಕೆ ಎರಡು ಖಾಲಿ ಚೌಕ ಇವೆ, ಒಂದು ಮುಂದಿನ ಹಲ್ಲುಗಳ ನಡುವಿನದು, ಇನ್ನೊಂದು ಇಂಪ್ಲಾಂಟ್ ಹಾಕುವ ಜಾಗದ್ದು.